ವಿಡಿಯೊ ತಿದ್ದಿದ್ದಾರೆಯೇ? ಫೈಲಿನ ಒಳಹೊಕ್ಕು ಪತ್ತೆ ಹಚ್ಚುವ ಬಗೆ

ವಿಡಿಯೊವನ್ನು ಪರದೆಯ ಮೇಲೆ ಹತ್ತು ಸಲ ಓಡಿಸಿ ನೋಡಿ, ‘ಎಲ್ಲೂ ಕತ್ತರಿಸಿದಂತೆ ಕಾಣುವುದಿಲ್ಲ’ ಎಂದು ತಜ್ಞರು ಬರೆದ ವರದಿ ನ್ಯಾಯಾಲಯದ ಪಾಟೀಸವಾಲಿನಲ್ಲಿ ಐದು ನಿಮಿಷವೂ ನಿಲ್ಲುವುದಿಲ್ಲ. ಒಬ್ಬರ ಬಿಡುಗಡೆಯೋ ಶಿಕ್ಷೆಯೋ ಆ ಒಂದು ಸಾಲಿನ ಮೇಲೆ ನಿಂತಿರುವಾಗ ಕಣ್ಣನ್ನಷ್ಟೇ ನಂಬುವುದು ತಪ್ಪು. ತಿದ್ದಿದವರು ಚಿತ್ರದ ಬಗ್ಗೆ ಎಚ್ಚರ ವಹಿಸಿರುತ್ತಾರೆ, ಫೈಲಿನ ಒಳರಚನೆಯ ಬಗ್ಗೆ ಯೋಚಿಸಿರುವುದಿಲ್ಲ. ಹಾಗಾಗಿ ಹುಡುಕಾಟ ಅಲ್ಲಿಂದಲೇ ಶುರುವಾಗಬೇಕು. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ ಫೋನಿನ ಎಂಪಿ4 ಫೈಲು ಮತ್ತು ಸಿಸಿಟಿವಿ ಡಿವಿಆರ್‌ನಿಂದ (ಕ್ಯಾಮೆರಾದ ದೃಶ್ಯ ದಾಖಲಿಸಿಡುವ ಯಂತ್ರ) ತೆಗೆದ ದೃಶ್ಯಗಳಿಗೆ ಅನ್ವಯಿಸುತ್ತದೆ.

ತೆರೆಯುವ ಮೊದಲು

ಪೆನ್‌ಡ್ರೈವ್ ಅಥವಾ ಮೆಮೊರಿ ಕಾರ್ಡನ್ನು ರೈಟ್ ಬ್ಲಾಕರ್ (ಅದರ ಮೇಲೆ ಏನೂ ಬರೆಯದಂತೆ ತಡೆಯುವ ಸಾಧನ) ಮೂಲಕವೇ ಜೋಡಿಸಿ. ಮೈಕ್ರೊ ಎಸ್‌ಡಿ ಕಾರ್ಡಿಗೆ ಲಾಕ್ ಮಾಡುವ ಗುಂಡಿ ಇರುವುದಿಲ್ಲ ಎಂಬುದು ನೆನಪಿರಲಿ. ಮೂಲ ಫೈಲಿನ ಎಸ್‌ಎಚ್‌ಎ-256 ಹ್ಯಾಷ್ (ಫೈಲಿನ ಬೈಟುಗಳಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಗುರುತು) ತೆಗೆದು ಬರೆದಿಟ್ಟುಕೊಳ್ಳಿ, ಪ್ರತಿ ಮಾಡಿ, ಪ್ರತಿಯ ಹ್ಯಾಷ್ ಅದಕ್ಕೆ ತಾಳೆಯಾಗುತ್ತದೆಯೇ ನೋಡಿ. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ. ಎಂಡಿ5 ಎಂಬ ಹಳೆಯ ಬಗೆಯ ಹ್ಯಾಷ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಒಂದೇ ಎಂಡಿ5 ಬರುವ ಎರಡು ಬೇರೆ ಬೇರೆ ಫೈಲು ತಯಾರಿಸುವುದು ಈಗ ಕಷ್ಟವಲ್ಲ, ಎದುರು ಪಕ್ಷದ ವಕೀಲರಿಗೂ ಇದು ಗೊತ್ತು.

ಹ್ಯಾಷ್ ಹೇಳುವುದು ಇಷ್ಟೇ: ಮುದ್ದೆಮಾಲು ನಿಮ್ಮ ಕೈಗೆ ಬಂದ ಮೇಲೆ ಬದಲಾಗಿಲ್ಲ. ಬರುವ ಮೊದಲು ಏನಾಗಿತ್ತು ಎಂಬುದನ್ನು ಅದು ಹೇಳಲಾರದು. ಫೈಲು ಯಾವ ದಾರಿಯಲ್ಲಿ ಬಂತೆಂದು ತನಿಖಾಧಿಕಾರಿಯನ್ನು ಕೇಳಿ ಬರೆದುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸಿದರೆ ಅದು ಮತ್ತೆ ಸಂಕುಚಿತವಾಗುತ್ತದೆ, ಫೋನಿನ ಮಾಹಿತಿ ಅಳಿಸಿಹೋಗುತ್ತದೆ. ಅದನ್ನೇ ಡಾಕ್ಯುಮೆಂಟ್ ಎಂದು ಕಳಿಸಿದರೆ ಬೈಟುಗಳು ಹಾಗೇ ಉಳಿಯುತ್ತವೆ. ವಾಟ್ಸ್‌ಆ್ಯಪ್ ದಾಟಿ ಬಂದ ಫೈಲು ಬಂದರೆ, ಮೂಲ ಫೋನನ್ನೇ ವಶಕ್ಕೆ ಪಡೆಯುವಂತೆ ಅದೇ ದಿನ ಬರೆದು ಕೇಳಿ.

ಮಾದರಿ ವಿಡಿಯೊ ಇಲ್ಲದೆ ಮುಂದೆ ಹೋಗಬೇಡಿ

ಇಡೀ ಪರೀಕ್ಷೆಯಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಶಂಕೆಯ ವಿಡಿಯೊ ತೆಗೆದ ಅದೇ ಫೋನಿನಲ್ಲಿ, ಅದೇ ಕ್ಯಾಮೆರಾ ಆ್ಯಪ್‌ನಲ್ಲಿ, ಅದೇ ರೆಸಲ್ಯೂಷನ್ನಿನಲ್ಲಿ ಹೊಸದಾಗಿ ನಾಲ್ಕೈದು ವಿಡಿಯೊ ತೆಗೆಯಿರಿ: ಅರ್ಧ ನಿಮಿಷದ್ದು, ಐದು ನಿಮಿಷದ್ದು, ಫೋನನ್ನು ನೆಟ್ಟಗೆ ಹಿಡಿದದ್ದು, ಅಡ್ಡ ಹಿಡಿದದ್ದು. ಅವುಗಳಲ್ಲಿ ಒಂದನ್ನು ಗ್ಯಾಲರಿಯಲ್ಲೇ ಟ್ರಿಮ್ ಮಾಡಿ, ಇನ್ನೊಂದನ್ನು ವಾಟ್ಸ್‌ಆ್ಯಪ್ ದಾಟಿಸಿ ಇಟ್ಟುಕೊಳ್ಳಿ. (ಮುದ್ದೆಮಾಲು ಫೋನಿನಲ್ಲಿ ಹೀಗೆ ಮಾಡುವ ಮೊದಲು ಅದರ ಪೂರ್ಣ ಇಮೇಜ್ (ಒಳಗಿನ ಮಾಹಿತಿಯ ಯಥಾಪ್ರತಿ) ತೆಗೆದಿರಬೇಕು. ಸಾಧ್ಯವಿದ್ದರೆ ಅದೇ ಮಾದರಿಯ, ಅದೇ ಸಾಫ್ಟ್‌ವೇರ್ ಆವೃತ್ತಿಯ ಬೇರೆ ಫೋನ್ ಬಳಸಿ.) ಇನ್ನು ಮುಂದೆ ಬರುವ ಪ್ರತಿ ಲಕ್ಷಣವನ್ನೂ ಈ ಮಾದರಿಗಳ ಪಕ್ಕದಲ್ಲಿಟ್ಟೇ ತೂಗಬೇಕು.

ಪೆಟ್ಟಿಗೆಗಳ ಸಾಲು

ಎಂಪಿ4 ಫೈಲೆಂದರೆ ಒಂದರೊಳಗೊಂದು ಇಟ್ಟ ಪೆಟ್ಟಿಗೆಗಳು. ಪ್ರತಿ ಪೆಟ್ಟಿಗೆಯ ಮೊದಲ 4 ಬೈಟು ಅದರ ಗಾತ್ರ, ಮುಂದಿನ 4 ಬೈಟು ಅದರ ಹೆಸರು. ಫೈಲಿನ ಬಗೆ ಹೇಳುವ ‘ಎಫ್‌ಟೈಪ್’, ಸೂಚಿಯಾದ ‘ಮೂವ್’, ಚಿತ್ರ ಮತ್ತು ಸದ್ದು ತುಂಬಿದ ‘ಎಂಡ್ಯಾಟ್’ ಈ ಮೂರು ಮುಖ್ಯ.

ಹೆಕ್ಸ್ ಎಡಿಟರಿನಲ್ಲಿ (ಫೈಲಿನ ಬೈಟುಗಳನ್ನೇ ತೋರಿಸುವ ತಂತ್ರಾಂಶ) ತೆರೆದು ಮೊದಲ ಎಂಟು ಬೈಟು ನೋಡಿ. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳ ಮೂಲ ವಿಡಿಯೊದಲ್ಲಿ 00 00 00 18 66 74 79 70 ಎಂದಿರುತ್ತದೆ. ಹೆಕ್ಸ್ (ಹದಿನಾರರ ಎಣಿಕೆ) 18 ಎಂದರೆ ನಮ್ಮ 24. ಅಂದರೆ 24 ಬೈಟಿನ ಎಫ್‌ಟೈಪ್ ಪೆಟ್ಟಿಗೆ. ಅದೇ ವಿಡಿಯೊವನ್ನು ಎಫ್‌ಎಫ್‌ಎಂಪೆಗ್ (ವಿಡಿಯೊ ಬದಲಿಸುವ ಉಚಿತ ತಂತ್ರಾಂಶ) ಅಥವಾ ಅದರ ಮೇಲೆ ಕಟ್ಟಿದ ಯಾವುದಾದರೂ ಎಡಿಟಿಂಗ್ ಆ್ಯಪ್ ಮುಟ್ಟಿದ್ದರೆ ಸಾಮಾನ್ಯವಾಗಿ 00 00 00 20 ಎಂದು ಶುರುವಾಗುತ್ತದೆ, ಅಂದರೆ 32 ಬೈಟು. ಒಳಗೆ ‘ಐಸೊಮ್’ ಎಂಬ ಬ್ರಾಂಡ್, ಅದರ ಪಕ್ಕ 512 ಎಂಬ ಕಿರು ಆವೃತ್ತಿ ಸಂಖ್ಯೆ. ಫೈಲಿನ ಕೊನೆಯಲ್ಲಿ ಎಫ್‌ಎಫ್‌ಎಂಪೆಗ್‌ನದೇ ಗುರುತಾದ ‘ಲಾವ್ಫ್’ ಎಂಬ ಹೆಸರಿನೊಂದಿಗೆ ಆವೃತ್ತಿ ಸಂಖ್ಯೆಯೂ ಸಿಗಬಹುದು. ಚಿತ್ರದ ಹರಿವಿನಲ್ಲಿ ‘ಎಕ್ಸ್264’ ಎಂಬ ಪದ, ಅದರ ಹಿಂದೆಯೇ ಉದ್ದನೆಯ ಸೆಟ್ಟಿಂಗ್ ಪಟ್ಟಿ ಇದ್ದರೆ ಆ ಹೆಸರಿನ ತಂತ್ರಾಂಶ ಎನ್‌ಕೋಡರ್ (ವಿಡಿಯೊವನ್ನು ಸಂಕುಚಿಸಿ ಬರೆಯುವಂಥದ್ದು) ಮತ್ತೆ ಬರೆದಿದೆ ಎಂದೇ ಅರ್ಥ. ಫೋನಿನ ಹಾರ್ಡ್‌ವೇರ್ ಎನ್‌ಕೋಡರ್ ಆ ಗುರುತು ಬಿಡುವುದಿಲ್ಲ.

ಪೆಟ್ಟಿಗೆಗಳ ಕ್ರಮವನ್ನೂ ಗಮನಿಸಿ. ರೆಕಾರ್ಡಿಂಗ್ ಮುಗಿಯುವವರೆಗೆ ಸೂಚಿ ಬರೆಯಲಾಗದ ಕಾರಣ ಫೋನು ಸಾಮಾನ್ಯವಾಗಿ ಮೂವ್ ಪೆಟ್ಟಿಗೆಯನ್ನು ಕೊನೆಗೆ ಇಡುತ್ತದೆ. ಅದು ಮುಂದೆ ಬಂದಿದ್ದರೆ, ಅಂತರ್ಜಾಲಕ್ಕೆ ಹಾಕಲು ಯಾವುದೋ ತಂತ್ರಾಂಶ ಮರುಜೋಡಣೆ ಮಾಡಿರುವ ಸಾಧ್ಯತೆ ಹೆಚ್ಚು. ಆದರೆ ಮರುಜೋಡಣೆ ಎಂದರೆ ದೃಶ್ಯ ತಿರುಚಿದ್ದಾರೆ ಎಂದಲ್ಲ. ಈ ವ್ಯತ್ಯಾಸ ವರದಿಯಲ್ಲಿ ಸ್ಪಷ್ಟವಾಗಿರಲಿ.

ಟ್ರಿಮ್ ಮಾಡಿದ ಫೈಲಿನಲ್ಲಿ ಸಿಗುವ ಅತಿ ಗಟ್ಟಿ ಸುಳಿವು ಎಡಿಟ್ ಲಿಸ್ಟ್. ಮರು ಎನ್‌ಕೋಡ್ ಮಾಡದೆ ಕತ್ತರಿಸುವ ತಂತ್ರಾಂಶ ಫೈಲನ್ನು ಪೂರ್ಣ ಚಿತ್ರವಿರುವ ಐ ಫ್ರೇಮ್‌ನಿಂದಲೇ ಶುರು ಮಾಡಬೇಕು. ಬೇಕಾದ ಜಾಗ ಎರಡು ಐ ಫ್ರೇಮ್‌ಗಳ ನಡುವೆ ಬಿದ್ದರೆ, ಹಿಂದಿನ ಐ ಫ್ರೇಮ್‌ನಿಂದಲೇ ಇಟ್ಟು, ‘ಇಷ್ಟನ್ನು ತೋರಿಸಬೇಡ’ ಎಂದು ಎಡಿಟ್ ಲಿಸ್ಟಿನಲ್ಲಿ ಬರೆಯುತ್ತದೆ. ಉದಾಹರಣೆಗೆ ಸೆಕೆಂಡಿಗೆ 30 ಫ್ರೇಮ್‌ನ ವಿಡಿಯೊ 70 ಸೆಕೆಂಡ್ ಓಡುತ್ತದೆ ಎನ್ನಿ. ಇರಬೇಕಾದದ್ದು 2,100 ಫ್ರೇಮ್. ಫ್ರೇಮ್ ಗಾತ್ರಗಳ ಪಟ್ಟಿಯಲ್ಲಿ 2,118 ಇದ್ದರೆ ಆರಂಭದ 18 ಫ್ರೇಮ್ ಪ್ಲೇಯರಿನಲ್ಲಿ ಕಾಣುವುದೇ ಇಲ್ಲ. ಎಫ್‌ಎಫ್‌ಎಂಪೆಗ್‌ನಲ್ಲಿ ಎಡಿಟ್ ಲಿಸ್ಟನ್ನು ಕಡೆಗಣಿಸುವ ಆಯ್ಕೆ ಹಾಕಿ ತೆಗೆದರೆ ಆ 0.6 ಸೆಕೆಂಡಿನ ದೃಶ್ಯ ಹೊರಬರುತ್ತದೆ. ರೆಕಾರ್ಡಿಂಗ್ ಇನ್ನೂ ಹಿಂದಿನಿಂದ ಇತ್ತು ಎಂಬುದಕ್ಕೆ ಅದಕ್ಕಿಂತ ನೇರ ಸಾಕ್ಷ್ಯ ಬೇಕಿಲ್ಲ. ಎಚ್ಚರಿಕೆ ಒಂದು: ಎಎಸಿ ಎಂಬ ಬಗೆಯಲ್ಲಿ ಸಂಕುಚಿಸಿದ ಸದ್ದಿನ ಟ್ರ್ಯಾಕಿಗೆ ಆರಂಭದ ಖಾಲಿ ಭಾಗ ಬಿಡಲು, ಬಿ ಫ್ರೇಮ್ (ಹಿಂದಿನ, ಮುಂದಿನ ಫ್ರೇಮ್ ಎರಡನ್ನೂ ಆಧರಿಸಿದ ಫ್ರೇಮ್) ಇರುವ ವಿಡಿಯೊಗೆ ಸಣ್ಣ ವಿಳಂಬ ಸರಿಪಡಿಸಲು ಕೂಡ ಎಡಿಟ್ ಲಿಸ್ಟ್ ಇರುತ್ತದೆ. ಅದು ಇದೆ ಎಂಬುದಕ್ಕಿಂತ ಎಷ್ಟು ಮರೆಮಾಡಿದೆ ಎಂಬುದು ಮುಖ್ಯ.

ಸಮಯದ ಲೆಕ್ಕ

ಎಂಪಿ4 ಒಳಗಿನ ಸಮಯ 1904ರ ಜನವರಿ 1ರಿಂದ ಎಣಿಸಿದ ಸೆಕೆಂಡುಗಳು, ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯ). ಸಂಜೆ 6:40ಕ್ಕೆ ತೆಗೆದ ವಿಡಿಯೊ 13:10 ಎಂದು ತೋರಿಸಿದರೆ ಅದು ಸರಿಯೇ, ನಮ್ಮದು ಐದೂವರೆ ಗಂಟೆ ಮುಂದೆ. ದಿನಾಂಕ 1904 ಎಂದೇ ಬಂದರೆ ಆ ಜಾಗದಲ್ಲಿ ಸೊನ್ನೆ ಇದೆ, ಯಾವುದೋ ತಂತ್ರಾಂಶ ಮತ್ತೆ ಬರೆದಿರಬೇಕು ಎಂದು ತಿಳಿಯಿರಿ.

ಇಲ್ಲಿ ಎಡವುವ ಜಾಗವೊಂದಿದೆ. ಹಲವು ಆಂಡ್ರಾಯ್ಡ್ ಫೋನ್‌ಗಳು ಫೈಲಿನ ಹೆಸರಿನಲ್ಲಿ ರೆಕಾರ್ಡಿಂಗ್ ಶುರುವಾದ ಸಮಯ ಬರೆದು, ಒಳಗಿನ ಪೆಟ್ಟಿಗೆಯಲ್ಲಿ ಮುಗಿದ ಸಮಯ ಬರೆಯುತ್ತವೆ. ನಾಲ್ಕು ನಿಮಿಷದ ವಿಡಿಯೊದಲ್ಲಿ ಎರಡಕ್ಕೂ ನಾಲ್ಕು ನಿಮಿಷ ವ್ಯತ್ಯಾಸ ಕಂಡು ‘ತಿದ್ದಿದ್ದಾರೆ’ ಎಂದು ಬರೆದರೆ ನಿರಪರಾಧಿಯ ಮೇಲೆ ಅಪವಾದ ಹೊರಿಸಿದಂತೆ. ಮಾದರಿ ವಿಡಿಯೊ ತೆಗೆದಿದ್ದರೆ ಇದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ.

ಫ್ರೇಮ್‌ಗಳ ನಡುವಿನ ಅಂತರವನ್ನೂ ತೆಗೆಯಿರಿ. ಸೆಕೆಂಡನ್ನು 90,000 ಭಾಗ ಮಾಡುವ ಫೋನಿನಲ್ಲಿ 30 ಫ್ರೇಮ್‌ಗೆ ಅಂತರ 3,000 ಆಗಬೇಕು. ನಿಜವಾದ ಫೋನಿನ ರೆಕಾರ್ಡಿಂಗಿನಲ್ಲಿ ಅದು ಒಂದೇ ಸಮನಿರದೆ ತುಸು ಹೆಚ್ಚು, ತುಸು ಕಡಿಮೆ ಎಂದು ಅಲುಗುತ್ತಿರುತ್ತದೆ. ಆದಿಯಿಂದ ಅಂತ್ಯದವರೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ 3,000 ಬಂದರೆ ಎಡಿಟರಿನಿಂದ ಎಕ್ಸ್‌ಪೋರ್ಟ್ ಆಗಿದೆಯೇ ಎಂದು ನೋಡಿ.

ಫ್ರೇಮ್‌ಗಳ ತಾಳ

ಎಫ್‌ಎಫ್‌ಎಂಪೆಗ್ ಜೊತೆಗೇ ಬರುವ ಎಫ್‌ಎಫ್‌ಪ್ರೋಬ್‌ನಿಂದ ಪ್ರತಿ ಫ್ರೇಮಿನ ಬಗೆ, ಸಮಯ, ಗಾತ್ರ ತೆಗೆದು ಎಕ್ಸೆಲ್‌ಗೆ ಹಾಕಿ ಗ್ರಾಫ್ ಮಾಡಿ. ಐ ಫ್ರೇಮ್‌ಗಳು ಎತ್ತರದ ಕಂಬಗಳಂತೆ ಎದ್ದು ಕಾಣುತ್ತವೆ. ಸೆಕೆಂಡಿಗೆ 25 ಫ್ರೇಮ್‌ನ ಡಿವಿಆರ್ ಪ್ರತಿ 50 ಫ್ರೇಮಿಗೊಂದು ಐ ಫ್ರೇಮ್ ಇಡುತ್ತಿದ್ದರೆ ಕಂಬಗಳ ಅಂತರ 50, 50, 50 ಎಂದೇ ಸಾಗಬೇಕು. ನಡುವೆ ಒಂದು 37 ಬಂದರೆ ನಿಂತು ನೋಡಬೇಕು. ಅಂತರವೇ ಹಿಡಿತಕ್ಕೆ ಸಿಗದೆ 250ರವರೆಗೂ ಹೋಗಿ, ದೃಶ್ಯ ಬದಲಾದಾಗಲೆಲ್ಲ ಐ ಫ್ರೇಮ್ ಬರುತ್ತಿದ್ದರೆ ಅದು ಎಕ್ಸ್264ರ ಮೂಲ ಸೆಟ್ಟಿಂಗಿನ ಚಾಳಿ. ಮಾದರಿಯಲ್ಲಿ ಬಿ ಫ್ರೇಮ್ ಇಲ್ಲದೆ ಮುದ್ದೆಮಾಲಿನಲ್ಲಿ ಇದ್ದರೂ ಮತ್ತೆ ಎನ್‌ಕೋಡ್ ಆಗಿರುವ ಅದೇ ಶಂಕೆ.

ನಡುವಿನ ಫ್ರೇಮ್ ತೆಗೆದು ಮತ್ತೆ ಎನ್‌ಕೋಡ್ ಮಾಡಿದಾಗ, ಮೊದಲು ಒಂದೇ ಗುಂಪಿನಲ್ಲಿದ್ದ (ಒಂದು ಐ ಫ್ರೇಮ್‌ನಿಂದ ಮುಂದಿನದರವರೆಗೆ) ಫ್ರೇಮ್‌ಗಳು ಎರಡು ಗುಂಪಿಗೆ ಹಂಚಿಹೋಗುತ್ತವೆ. ಆಗ ಕತ್ತರಿಸಿದ ಜಾಗದ ನಂತರ ಪಿ ಫ್ರೇಮ್‌ಗಳ (ಹಿಂದಿನ ಫ್ರೇಮಿನಿಂದ ಊಹಿಸಿ, ವ್ಯತ್ಯಾಸವನ್ನಷ್ಟೇ ಬರೆದ ಫ್ರೇಮ್‌ಗಳು) ಊಹೆಯ ದೋಷ ನಿಯತ ಅಂತರದಲ್ಲಿ ಏರುತ್ತದೆ. ಎರಡು ಸಲ ಸಂಕುಚಿಸಿದ ಈ ಗುರುತನ್ನು ಹಿಡಿಯುವ ವಿಧಾನ 2006ರಿಂದಲೂ ಬಳಕೆಯಲ್ಲಿದೆ. ಆದರೆ ತೆಗೆದ ಫ್ರೇಮ್‌ಗಳ ಸಂಖ್ಯೆ ಗುಂಪಿನ ಉದ್ದದ ಸರಿಯಾದ ಗುಣಕವಾಗಿದ್ದರೆ ಏರಿಳಿತ ಕಾಣುವುದೇ ಇಲ್ಲ. ಎರಡನೇ ಸಲದ ಬಿಟ್‌ರೇಟ್ (ಸೆಕೆಂಡಿಗೆ ಬಳಸಿದ ಮಾಹಿತಿಯ ಪ್ರಮಾಣ) ತೀರಾ ಕಡಿಮೆ ಇದ್ದರೂ ಗುರುತು ಮುಚ್ಚಿಹೋಗುತ್ತದೆ.

ಪ್ರತಿ ಫ್ರೇಮಿನ ಹ್ಯಾಷ್ ತೆಗೆದು, ಒಂದೇ ಹ್ಯಾಷ್ ದೂರದ ಎರಡು ಜಾಗದಲ್ಲಿ ಬಂದಿದೆಯೇ ಹುಡುಕಿ. ಖಾಲಿ ಕಾರಿಡಾರಿನ ದೃಶ್ಯ ನಕಲು ಮಾಡಿ ನಡುವೆ ತುರುಕುವುದು ಹಳೆಯ ಉಪಾಯ. ಮತ್ತೆ ಎನ್‌ಕೋಡ್ ಆಗಿದ್ದರೆ ಹ್ಯಾಷ್ ತಾಳೆಯಾಗದು, ಆಗ ಫ್ರೇಮ್‌ಗಳ ವ್ಯತ್ಯಾಸ ಲೆಕ್ಕ ಹಾಕಬೇಕು. ನಿಜವಾದ ಕ್ಯಾಮೆರಾದ ಎರಡು ಫ್ರೇಮ್‌ಗಳಲ್ಲಿ ಗೋಡೆ ಒಂದೇ ಇದ್ದರೂ ಅದರ ಮೇಲಿನ ನಾಯ್ಸ್ (ಸೆನ್ಸರಿನಿಂದ ಬರುವ ಸಣ್ಣ ಚುಕ್ಕೆಗಳ ಗೊಂದಲ) ಒಂದೇ ಇರುವುದಿಲ್ಲ.

ಡಿವಿಆರ್ ಮುಂದೆ ಕುಳಿತಾಗ

ಡಿವಿಆರ್‌ನ ಗಡಿಯಾರ ಮತ್ತು ಸರಿಯಾದ ಭಾರತೀಯ ಕಾಲಮಾನ ಎರಡೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆದು, ಅಂತರವನ್ನು ಮಹಜರಿನಲ್ಲಿ ಸೆಕೆಂಡಿನ ಮಟ್ಟಕ್ಕೆ ಬರೆಯಿರಿ. ಪರದೆಯನ್ನು ಫೋನಿನಲ್ಲಿ ಚಿತ್ರೀಕರಿಸಿ ತರಬೇಡಿ, ಮೇಲೆ ಹೇಳಿದ ಒಂದು ಸುಳಿವೂ ಅದರಲ್ಲಿ ಉಳಿಯುವುದಿಲ್ಲ. ಯಂತ್ರದ ಸ್ವಂತ ನಮೂನೆಯಲ್ಲೇ, ಅದರ ಪ್ಲೇಯರಿನ ಸಮೇತ ಎಕ್ಸ್‌ಪೋರ್ಟ್ ಮಾಡಿ. ಎಂಪಿ4 ಅಥವಾ ಎವಿಐ ಪ್ರತಿ ನೋಡುವುದಕ್ಕಷ್ಟೇ. ಸಿಸ್ಟಂ ಲಾಗ್ ಕೂಡ ತೆಗೆಯಿರಿ. ರೆಕಾರ್ಡಿಂಗಿನಲ್ಲಿ ಹತ್ತು ನಿಮಿಷದ ಕಂದಕ ಕಂಡರೆ ಮೊದಲು ನೋಡಬೇಕಾದದ್ದು ಮೋಷನ್ ಡಿಟೆಕ್ಷನ್ (ಚಲನೆ ಕಂಡಾಗ ಮಾತ್ರ ದಾಖಲಿಸುವ) ಸೆಟ್ಟಿಂಗ್, ಆಮೇಲೆ ವಿದ್ಯುತ್ ಹೋದ ದಾಖಲೆ, ಆಮೇಲೆ ಗಡಿಯಾರ ತಿದ್ದಿದ ದಾಖಲೆ. ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುವ ಯಂತ್ರವಾದ್ದರಿಂದ ಒಂದೊಂದು ದಿನ ತಡವೂ ನಷ್ಟ.

ವಿದ್ಯುತ್ತಿನ ಗುಂಯ್‌ಗುಡುವಿಕೆ

ನಮ್ಮ ವಿದ್ಯುತ್ ಜಾಲದ ಆವರ್ತನ 50 ಹರ್ಟ್ಜ್ ಎಂದರೂ ಅದು ಕ್ಷಣಕ್ಷಣಕ್ಕೂ ಕೂದಲೆಳೆಯಷ್ಟು ಏರಿಳಿಯುತ್ತದೆ. ಟ್ಯೂಬ್‌ಲೈಟ್, ಫ್ರಿಜ್, ಟ್ರಾನ್ಸ್‌ಫಾರ್ಮರ್‌ಗಳ ಗುಂಯ್ ಸದ್ದಿನ ಮೂಲಕ ಅದು ರೆಕಾರ್ಡಿಂಗಿಗೆ ಇಳಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆವಿ ಮಾರ್ಗದ ಮೂಲಕ ದಕ್ಷಿಣದ ಜಾಲ ಉಳಿದ ದೇಶದ ಜೊತೆ ಸೇರಿದ ಮೇಲೆ ಬೀದರಿನಲ್ಲೂ ದೆಹಲಿಯಲ್ಲೂ ಈ ಏರಿಳಿತ ಒಂದೇ. ಹಾಗಾಗಿ ಇದು ಜಾಗ ಹೇಳಲಾರದು, ಆದರೆ ಕತ್ತರಿಸಿದ್ದನ್ನು ಹೇಳಬಲ್ಲದು.

ಸದ್ದನ್ನು ಬೇರ್ಪಡಿಸಿ, ಅದರ ಸ್ಯಾಂಪಲ್ ದರವನ್ನು (ಸೆಕೆಂಡಿಗೆ ಎಷ್ಟು ಅಳತೆ) 1,000 ಹರ್ಟ್ಜ್‌ಗೆ ಇಳಿಸಿ, 50, 100, 200 ಹರ್ಟ್ಜ್‌ಗಳ ಸುತ್ತ ಕಿರಿದಾದ ಫಿಲ್ಟರ್ ಹಾಕಿ, 8ರಿಂದ 16 ಸೆಕೆಂಡಿನ ಕಿಟಕಿಗಳಲ್ಲಿ ಆವರ್ತನ ಮತ್ತು ಫೇಸ್ (ಅಲೆ ಆ ಕ್ಷಣ ಯಾವ ಹಂತದಲ್ಲಿದೆ ಎಂಬುದು) ಎಳೆಯಿರಿ. ಅಖಂಡ ರೆಕಾರ್ಡಿಂಗಿನಲ್ಲಿ ಫೇಸ್ ಗೆರೆ ನುಣುಪಾಗಿ ಸಾಗುತ್ತದೆ. ಕತ್ತರಿ ಬಿದ್ದ ಕಡೆ ಥಟ್ಟನೆ ಜಿಗಿಯುತ್ತದೆ. ಫೋನಿನ ಮೈಕು 50ನ್ನು ಹಿಡಿಯದೇ ಹೋಗಬಹುದು, ಅದಕ್ಕೇ 100 ಮತ್ತು 200 ನೋಡುವುದು. ಕರೆಂಟು ಹೋಗಿ ಯುಪಿಎಸ್ ಮೇಲೆ ಮನೆ ನಡೆಯುತ್ತಿದ್ದರೆ ಸಿಗುವುದು ಇನ್ವರ್ಟರಿನ ಆವರ್ತನ, ಜಾಲದ್ದಲ್ಲ. ಘಟನೆಯ ಹೊತ್ತಿಗೆ ಆ ಊರಿನಲ್ಲಿ ವಿದ್ಯುತ್ ಇತ್ತೇ ಎಂದು ವಿಚಾರಿಸದೆ ಈ ಗ್ರಾಫನ್ನು ವರದಿಗೆ ಸೇರಿಸಬೇಡಿ.

ಸೆನ್ಸರಿನ ಹುಟ್ಟು ನಾಯ್ಸಿನಿಂದ ಕ್ಯಾಮೆರಾ ಗುರುತಿಸುವ ವಿಧಾನವೂ ಇದೆ. ಫೋನಿನ ಎಲೆಕ್ಟ್ರಾನಿಕ್ ಸ್ಟೆಬಿಲೈಸೇಷನ್ (ಕೈ ನಡುಕ ಸರಿಪಡಿಸುವ ವ್ಯವಸ್ಥೆ) ಪ್ರತಿ ಫ್ರೇಮನ್ನೂ ಸರಿಸಿ ತಿರುಗಿಸುವುದರಿಂದ ವಿಡಿಯೊದಲ್ಲಿ ಅದನ್ನು ನೇರವಾಗಿ ನಂಬಲಾಗದು. ಮುಖ ಬದಲಿಸಿದ ಡೀಪ್‌ಫೇಕ್ ಶಂಕೆ ಇದ್ದರೆ ಕೆನ್ನೆಯ ಅಂಚು, ಹಲ್ಲು, ಕನ್ನಡಕದ ಕಡ್ಡಿ ಕಿವಿಗೆ ಸೇರುವ ಜಾಗಗಳನ್ನು ಒಂದೊಂದೇ ಫ್ರೇಮ್ ನೋಡಿ. ತಾನಾಗಿ ಶೇಕಡಾವಾರು ಅಂಕ ಕೊಡುವ ಪತ್ತೆ ತಂತ್ರಾಂಶವೊಂದನ್ನೇ ಆಧರಿಸಿ ಅಭಿಪ್ರಾಯ ಕೊಡುವುದನ್ನು ನಾವು ಒಪ್ಪುವುದಿಲ್ಲ.

ವರದಿ

ಒಂದು ಲಕ್ಷಣದಿಂದ ತೀರ್ಮಾನ ಬೇಡ, ಪರಸ್ಪರ ಸಂಬಂಧವಿಲ್ಲದ ಎರಡು ದಾರಿ ಒಂದೇ ಜಾಗ ತೋರಿಸಬೇಕು. ಫ್ರೇಮ್ ತಾಳ 1:12ರಲ್ಲಿ ತಪ್ಪಿ, ಫೇಸ್ ಕೂಡ 1:12ರಲ್ಲೇ ಜಿಗಿದರೆ ಮಾತಿಗೆ ತೂಕ ಬರುತ್ತದೆ. ಏನೂ ಸಿಗದಿದ್ದರೆ ‘ತಿದ್ದಿಲ್ಲ’ ಎಂದು ಬರೆಯಬೇಡಿ. ‘ಈ ಪರೀಕ್ಷೆಗಳಲ್ಲಿ ತಿದ್ದಿದ ಕುರುಹು ಕಂಡುಬಂದಿಲ್ಲ’ ಎಂದು ಬರೆದು, ಯಾವ ಪರೀಕ್ಷೆ, ಯಾವ ತಂತ್ರಾಂಶ, ಯಾವ ಆವೃತ್ತಿ ಎಂದು ಸೇರಿಸಿ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಡಿ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರಕ್ಕೆ ಎರಡು ಭಾಗ: ಭಾಗ ‘ಎ’ ಫೈಲು ಹಾಜರುಪಡಿಸುವವರದು, ಭಾಗ ‘ಬಿ’ ತಜ್ಞರದು. ಎರಡರಲ್ಲೂ ಹ್ಯಾಷ್ ಮೌಲ್ಯ ಮತ್ತು ಅದನ್ನು ತೆಗೆದ ಕ್ರಮವಿಧಿ (ಅಲ್ಗಾರಿದಂ) ಬರೆಯಬೇಕು. ಒಂದರಲ್ಲಿ ಎಂಡಿ5, ಇನ್ನೊಂದರಲ್ಲಿ ಎಸ್‌ಎಚ್‌ಎ-256 ಬರೆದರೆ ಎರಡನ್ನೂ ಹೋಲಿಸಲು ನ್ಯಾಯಾಲಯಕ್ಕೆ ದಾರಿಯೇ ಇರುವುದಿಲ್ಲ. ಮೌಲ್ಯವನ್ನು ಕೈಯಲ್ಲಿ ಬರೆಯದೆ ಮುದ್ರಿಸಿ. 64 ಅಕ್ಷರಗಳಲ್ಲಿ ಒಂದು ಸೊನ್ನೆ 8 ಆದರೂ ಅದು ಬೇರೆ ಫೈಲೆಂದೇ ಲೆಕ್ಕ. ಮಾದರಿ ವಿಡಿಯೊಗಳು ಮತ್ತು ಎಫ್‌ಎಫ್‌ಪ್ರೋಬ್ ಪಟ್ಟಿಗಳನ್ನು ಅವುಗಳದೇ ಹ್ಯಾಷ್ ಸಮೇತ ವರದಿಯ ಜೊತೆ ಡಿಸ್ಕಿನಲ್ಲಿ ಕೊಡಿ. ಎದುರು ಪಕ್ಷದ ತಜ್ಞರು ಅದೇ ಫೈಲಿನಿಂದ ಅದೇ 18 ಫ್ರೇಮ್‌ಗಳನ್ನು ತಾವೇ ತೆಗೆದು ನೋಡುವಂತಿರಬೇಕು.