ಹರಿದ ಫೋಮ್, ಒಣಗಿದ ಕೆಪಾಸಿಟರ್: ಹಳೇ ಸ್ಪೀಕರ್ ಸರಿ ಮಾಡುವುದು ಹೇಗೆ?

ಅಟ್ಟದಿಂದ ಹಳೇ ಸ್ಪೀಕರ್ ಜೋಡಿ ಇಳಿಸಿದ್ದೀರಿ. ಮುಂದಿನ ಬಟ್ಟೆಯ ಚೌಕಟ್ಟು ತೆಗೆದರೆ ಬೇಸ್ ನುಡಿಸುವ ದೊಡ್ಡ ವೂಫರ್ ಸುತ್ತಲಿನ ಫೋಮ್ ಬೆರಳು ತಾಗಿದ ಕೂಡಲೇ ಪುಡಿಪುಡಿ. ಹಾಡು ಹಾಕಿದರೆ ಬೇಸ್ ಬರಬೇಕಾದ ಕಡೆ ಬುರ್ ಎನ್ನುವ ಸದ್ದು. ಆಗ ಬಹಳ ಜನ ಮಾಡುವ ಮೊದಲ ಕೆಲಸ ಏನು ಗೊತ್ತಾ? ದುಬಾರಿ ಕೆಪಾಸಿಟರ್ ಮತ್ತು ದಪ್ಪ ತಾಮ್ರದ ವೈರು ತರಿಸುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ನಾನು ಕೈ ಹಾಕಿದ ಮೊದಲ ಜೋಡಿಯೂ ನೆಟ್ಟಗಾಗಲಿಲ್ಲ. ದಿಢೀರ್ ಅಂಟಿಕೊಳ್ಳುವ ಗೋಂದಿನಿಂದ ಫೋಮ್ ಕೂರಿಸಿದೆ. ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ವೂಫರ್‌ನ ನಡುವೆ ಅದುರುವ ಕೋನ್ ಮಾತ್ರ ಕರಕರ ಅನ್ನುತ್ತಲೇ ಉಳಿಯಿತು. ಆಮೇಲೆ ಬೇರೆಯವರು ಕೆಡಿಸಿ ತಂದವನ್ನೂ ಬೇಕಾದಷ್ಟು ನೋಡಿದ್ದೇನೆ. ಹಾಗಾಗಿ ನನ್ನದೊಂದು ಹಟ ಇದೆ. ಹೊಸದಾಗಿದ್ದಾಗ ಸ್ಪೀಕರ್ ಹೇಗಿತ್ತೋ ಮೊದಲು ಹಾಗೆ ಮಾಡಿ. ಎರಡು ವಾರ ಕೇಳಿ. ಮಾರ್ಪಾಡಿನ ಮಾತು ಆಮೇಲೆ.

1. ಬಿಚ್ಚುವ ಮುನ್ನ

ಒಂದು ಸಲಕ್ಕೆ ಒಂದೇ ಸ್ಪೀಕರ್ ಬಿಚ್ಚಿ. ಇನ್ನೊಂದು ಹಾಗೇ ಇರಲಿ. ಯಾವ ವೈರು ಎಲ್ಲಿತ್ತು ಎಂಬ ಗೊಂದಲ ಬಂದಾಗ ನೋಡಿಕೊಳ್ಳಲು ಅದೇ ಮಾದರಿ. ಫೋಟೋ ತೆಗೆಯಿರಿ, ಜಾಸ್ತಿಯೇ ತೆಗೆಯಿರಿ.

ವೂಫರ್‌ನ ಸ್ಕ್ರೂ ತೆಗೆಯುವಾಗ ಕೋನ್ ಮೇಲೆ ಒಂದು ರಟ್ಟು ಇಡಿ. ಹಿಂದಿರುವ ಆಯಸ್ಕಾಂತ ಸ್ಕ್ರೂಡ್ರೈವರನ್ನು ಸರ್ರನೆ ಎಳೆಯುತ್ತದೆ, ಕೋನ್‌ಗೆ ತೂತು ಬೀಳುತ್ತದೆ. ಇದು ನಡೆಯುವುದಕ್ಕೆ ಅರೆ ಕ್ಷಣ ಸಾಕು. ಒಳಗೆ ತುಂಬಿರುವುದು ಗಾಜಿನ ಉಣ್ಣೆಯಾಗಿದ್ದರೆ ಕೈಗವಸು, ಮಾಸ್ಕ್ ಹಾಕಿಕೊಳ್ಳಿ. ಇಲ್ಲದಿದ್ದರೆ ಎರಡು ದಿನ ಮೈ ತುರಿಸುತ್ತದೆ.

ಇನ್ನೊಂದು ಎಚ್ಚರಿಕೆ. ಯಮಹಾ ಎನ್ಎಸ್-1000 ಥರದ ಕೆಲವು ಸ್ಪೀಕರ್‌ಗಳ ಟ್ವೀಟರ್ (ತೆಳು ಸದ್ದಿನದು) ಮತ್ತು ಮಿಡ್‌ರೇಂಜ್‌ನ (ನಡು ಸದ್ದಿನದು) ಡೋಮ್, ಅಂದರೆ ಗುಮ್ಮಟ, ಬೆರಿಲಿಯಂ ಲೋಹದ್ದು. ಅದರ ಪುಡಿ ಉಸಿರಿಗೆ ಹೋದರೆ ವಿಷ. ಒಡೆದ ಡೋಮ್ ಕಂಡರೆ ಉಜ್ಜಲು, ಅಂಟಿಸಲು ಹೋಗಬೇಡಿ.

ಈಗ ಮಲ್ಟಿಮೀಟರ್. ವೈರು ಕಳಚಿ ವೂಫರ್‌ನ ಎರಡು ತುದಿಗಳ ನಡುವೆ ನಿರೋಧ (ಓಮ್) ಅಳೆಯಿರಿ. 8 ಓಮ್ ಎಂದು ಬರೆದಿರುವುದು ಸಾಮಾನ್ಯವಾಗಿ 5.5ರಿಂದ 7 ತೋರಿಸುತ್ತದೆ. 4 ಓಮ್‌ನದು 3ರಿಂದ 3.5. ಇದು ಕೆಟ್ಟಿರುವ ಲಕ್ಷಣವಲ್ಲ, ಗಾಬರಿ ಬೇಡ. ಮೀಟರ್ ಏನೂ ತೋರಿಸದಿದ್ದರೆ ಕಾಯಿಲ್ (ಕೋನನ್ನು ಆಡಿಸುವ ತಂತಿ ಸುರುಳಿ) ಅಥವಾ ಅದಕ್ಕೆ ಹೋಗುವ ತಂತಿ ತುಂಡಾಗಿದೆ. ಕಾಯಿಲ್ ಸುಟ್ಟಿದ್ದರೆ ಹೊಸ ಫೋಮ್ ಹಾಕಿಯೂ ಉಪಯೋಗವಿಲ್ಲ.

2. ಹಳೇ ಫೋಮ್ ತೆಗೆಯುವುದು

ಪಾಲಿಯುರೆಥೇನ್ ಫೋಮ್ ಗಾಳಿ ಮತ್ತು ತೇವಕ್ಕೆ ತಾನೇ ಸವೆಯುತ್ತದೆ. ಸ್ಪೀಕರ್ ಹಾಡಿದರೂ ಅಷ್ಟೇ, ಹಾಗೇ ಇಟ್ಟರೂ ಅಷ್ಟೇ. ಹದಿನೈದಿಪ್ಪತ್ತು ವರ್ಷ ಬಾಳಿದರೆ ದೊಡ್ಡದು. ರಬ್ಬರ್ ಅಂಚಿದ್ದರೆ ನೀವು ಅದೃಷ್ಟವಂತರು. ಒದ್ದೆ ಬಟ್ಟೆಯಲ್ಲಿ ಒರೆಸಿ ಮುಂದೆ ಹೋಗಿ.

ಫೋಮ್ ಆದರೆ ಹೊರಗಿನ ರಟ್ಟಿನ ಬಳೆಯನ್ನು ತೆಳು ಚಾಕುವಿನಿಂದ ಎಬ್ಬಿಸಿ ತೆಗೆದಿಡಿ, ಅದು ಮತ್ತೆ ಬೇಕು. ಲೋಹದ ಅಂಚನ್ನು ಕೆರೆದು ಶುಚಿ ಮಾಡಿ. ಕೋನ್‌ಗೆ ಅಂಟಿರುವ ಭಾಗಕ್ಕೆ ತಾಳ್ಮೆ ಬೇಕು. ಕಾಗದದ ಕೋನ್ ಆದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಹಳೇ ಅಂಟನ್ನು ಮೆತ್ತಗೆ ಮಾಡಿ, ಬೆರಳಲ್ಲೇ ಉಂಡೆ ಕಟ್ಟಿ ತೆಗೆಯಿರಿ. ಕೋನ್ ನೆನೆಯಬಾರದು. ಒಂದು ವೂಫರ್‌ಗೆ ಒಂದು ಗಂಟೆ ಹಿಡಿದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದು ಅರ್ಥ.

ಹೊಸ ಫೋಮ್ ತರಿಸುವಾಗ "ಎಂಟು ಇಂಚಿನದು ಕೊಡಿ" ಎಂದರೆ ಸಾಲದು. ಕೋನ್‌ನ ಅಡ್ಡಳತೆ, ಫೋಮ್‌ನ ಉಬ್ಬಿನ ಒಳ ಮತ್ತು ಹೊರ ಅಳತೆ, ಚೌಕಟ್ಟಿನ ಅಂಚಿನ ಅಳತೆ, ನಾಲ್ಕೂ ಬೇಕು. ಹಳೇ ಫೋಮ್ ಕೋನ್‌ನ ಮುಂದೆ ಅಂಟಿತ್ತೋ ಹಿಂದೆಯೋ ಎಂಬುದೂ ಬೇಕು. ಅಗ್ಗದ ಕಿಟ್‌ಗಳಲ್ಲಿ ಬರುವ ದಪ್ಪ, ಗಡಸು ಫೋಮ್ ಕೈಗೆ ಗಟ್ಟಿಮುಟ್ಟಾಗಿ ಕಾಣುತ್ತದೆ. ಅದೇ ಅದರ ದೋಷ. ಕೋನ್ ಸಲೀಸಾಗಿ ಆಡುವುದಿಲ್ಲ, ಕೆಳಗಿನ ಬೇಸ್ ಮಾಯ.

3. ಕಾಯಿಲ್ ನಡುವಿಗೆ ತರುವುದು: ಇಲ್ಲೇ ಎಲ್ಲರೂ ಕೆಡಿಸುವುದು

ಕೋನ್‌ಗೆ ಎರಡು ಆಸರೆ. ಹಿಂದೆ ಸ್ಪೈಡರ್ ಎನ್ನುವ ನೆರಿಗೆ ಬಟ್ಟೆ, ಮುಂದೆ ಈ ಫೋಮ್. ಎರಡೂ ಸೇರಿ ವಾಯ್ಸ್ ಕಾಯಿಲನ್ನು ಆಯಸ್ಕಾಂತದ ಸಂದಿನಲ್ಲಿ ನಟ್ಟನಡುವೆ ಹಿಡಿದಿರುತ್ತವೆ. ಆ ಸಂದಿನಲ್ಲಿ ಕಾಯಿಲ್‌ಗೂ ಲೋಹಕ್ಕೂ ನಡುವೆ ಇರುವುದು ಸಾಮಾನ್ಯವಾಗಿ ಅರ್ಧ ಮಿಲಿಮೀಟರಿಗಿಂತ ಕಡಿಮೆ ಜಾಗ. ಫೋಮನ್ನು ಒಂದು ಕಡೆಗೆ ಚೂರು ಎಳೆದು ಅಂಟಿಸಿದರೂ ಕಾಯಿಲ್ ಓರೆಯಾಗಿ ಲೋಹಕ್ಕೆ ಉಜ್ಜುತ್ತದೆ. ಕಣ್ಣಳತೆ ಇಲ್ಲಿ ನಡೆಯುವುದಿಲ್ಲ.

ಇದಕ್ಕೆ ಎರಡು ದಾರಿ. ಗೋಂದು ಒಣಗುವಾಗ 20ರಿಂದ 30 ಹರ್ಟ್ಸ್‌ನ ಸೈನ್ ಟೋನನ್ನು, ಅಂದರೆ ಒಂದೇ ಸಮನಾದ ದಪ್ಪ ಸದ್ದನ್ನು, ಸಣ್ಣಗೆ ಕೊಟ್ಟು, ಉಜ್ಜುವ ಸದ್ದು ಬಾರದ ಜಾಗಕ್ಕೆ ಕೋನನ್ನು ಸರಿಸುತ್ತಾ ಕೂರುವುದು ಒಂದು. ಡಸ್ಟ್ ಕ್ಯಾಪ್ (ಕೋನ್‌ನ ನಡುವಿನ ಗುಮ್ಮಟ) ಕತ್ತರಿಸಿ, ಸಂದಿನಲ್ಲಿ ಪ್ಲಾಸ್ಟಿಕ್ ಪಟ್ಟಿ ತೂರಿಸಿ ಕಾಯಿಲನ್ನೇ ಬಿಗಿ ಹಿಡಿಯುವುದು ಇನ್ನೊಂದು. ಟೋನ್ ದಾರಿ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಅನುಭವ ಇದ್ದವರಿಗೆ ಸುಲಭ, ಸರಿ. ಆದರೆ ಕೈ ಬಿಟ್ಟು ಎದ್ದು ಹೋದಾಗ ಫೋಮ್ ಅರೆ ಮಿಲಿಮೀಟರ್ ಜಾರಿದರೆ ಯಾರಿಗೆ ಗೊತ್ತಾಗುತ್ತದೆ? ಮೊದಲ ಸಲ ಮಾಡುವವರು ಪಟ್ಟಿಯ ದಾರಿಯನ್ನೇ ಹಿಡಿಯಿರಿ. ಡಸ್ಟ್ ಕ್ಯಾಪ್ ಕತ್ತರಿಸಲಾಗದ, ಕೋನ್ ಜೊತೆ ಒಂದೇ ತುಂಡಾಗಿರುವ ವೂಫರ್‌ಗಳಿಗೆ ಮಾತ್ರ ಟೋನ್.

ಹೊಸ ಬ್ಲೇಡಿನಿಂದ ಡಸ್ಟ್ ಕ್ಯಾಪ್‌ನ ಅಂಚಿನ ಗುಂಟ ನಿಧಾನಕ್ಕೆ ಕೊಯ್ಯಿರಿ. ಬ್ಲೇಡ್ ಒಳಗೆ ಇಳಿದರೆ ಕಾಯಿಲ್‌ಗೆ ಹೋಗುವ ತಂತಿ ತುಂಡಾದೀತು, ಹಾಗಾಗಿ ಎರಡು ಮಿಲಿಮೀಟರಿಗಿಂತ ಆಳ ಬೇಡ. ಕ್ಯಾಪ್ ಬಿಚ್ಚಿದ ಕ್ಷಣದಿಂದ ಆ ಸಂದು ಬಾಯಿ ತೆರೆದುಕೊಂಡಿರುತ್ತದೆ. ಕಬ್ಬಿಣದ ಒಂದು ಕಣ ಬಿದ್ದರೂ ಆಯಸ್ಕಾಂತ ಬಿಡುವುದಿಲ್ಲ. ಕೆಲಸವಿಲ್ಲದಾಗ ಟೇಪ್ ಹಚ್ಚಿ ಮುಚ್ಚಿಡಿ. ಏನಾದರೂ ಬಿದ್ದಿದ್ದರೆ ಅಂಟು ಮೇಲಿರುವಂತೆ ಮಡಿಸಿದ ಟೇಪನ್ನು ತೂರಿಸಿ ತೆಗೆಯಿರಿ.

ಮೊದಲು ಫೋಮ್‌ನ ಒಳ ಅಂಚನ್ನು ಕೋನ್‌ಗೆ ಅಂಟಿಸಿ. ಕಾಗದದ ಕೋನ್‌ಗೆ ಒಣಗಿದ ಮೇಲೆ ಪಾರದರ್ಶಕವಾಗುವ ಬಿಳಿ ಪಿವಿಎ ಗೋಂದೇ ಸಾಕು. ಅದರ ದೊಡ್ಡ ಗುಣ ಏನೆಂದರೆ ತಪ್ಪಾದರೆ ಬಿಚ್ಚಬಹುದು. ಪಾಲಿಪ್ರೊಪಿಲೀನ್ ಕೋನ್‌ಗೆ ಇದು ಹಿಡಿಯುವುದಿಲ್ಲ, ಅದಕ್ಕೇ ತಯಾರಿಸಿದ ಗೋಂದು ಬೇಕು. ತೆಳುವಾಗಿ ಬ್ರಷ್‌ನಲ್ಲಿ ಹಚ್ಚಿ, ಬೆರಳಿನಿಂದ ಸುತ್ತಲೂ ಒತ್ತುತ್ತಾ ಹೋಗಿ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎದ್ದೇಳುತ್ತದೆ. ಹತ್ತು ನಿಮಿಷ ಇದೇ ಆಟ. ಆಮೇಲೆ ಒಂದು ರಾತ್ರಿ ಬಿಟ್ಟುಬಿಡಿ. ಹೊರ ಅಂಚನ್ನೂ ಅದೇ ದಿನ ಅಂಟಿಸಿ ಮುಗಿಸುವ ಆಸೆ ಬೇಡ.

ಮರುದಿನ ಪಟ್ಟಿಗಳು. ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಬಳಸುತ್ತಿದ್ದ ಪಾರದರ್ಶಕ ಹಾಳೆ ಇದಕ್ಕೆ ಹೇಳಿ ಮಾಡಿಸಿದ್ದು, ದಪ್ಪ ಸುಮಾರು 0.1 ಮಿ.ಮೀ. ಸೆಂಟಿಮೀಟರ್ ಅಗಲದ ಪಟ್ಟಿಗಳಾಗಿ ಕತ್ತರಿಸಿ. ನಡುವಿನ ಲೋಹದ ಕಂಬಕ್ಕೂ ಕಾಯಿಲ್ ಸುತ್ತಿದ ಕೊಳವೆಗೂ ನಡುವೆ, ಗಡಿಯಾರದ 12, 3, 6, 9ರ ಜಾಗಗಳಲ್ಲಿ ಒಂದೊಂದು ತೂರಿಸಿ. ಇನ್ನೂ ಸಡಿಲವಿದ್ದರೆ ನಾಲ್ಕೂ ಕಡೆ ಇನ್ನೊಂದೊಂದು. ನೆನಪಿರಲಿ, ನಾಲ್ಕೂ ಕಡೆ ಒಂದೇ ಲೆಕ್ಕ. ಕೋನ್ ಅಕ್ಕಪಕ್ಕ ಅಲ್ಲಾಡಬಾರದು, ಆದರೆ ಪಟ್ಟಿಯನ್ನು ಗುದ್ದಿ ತೂರಿಸುವಷ್ಟು ಬಿಗಿಯೂ ಇರಬಾರದು. ಕೋನ್ ತನ್ನ ಸಹಜ ಎತ್ತರದಲ್ಲೇ ನಿಂತಿದೆಯಾ ನೋಡಿ. ಪಟ್ಟಿ ತೂರಿಸುವ ಭರದಲ್ಲಿ ಅದನ್ನು ಕೆಳಕ್ಕೆ ಒತ್ತಿಬಿಡುವವರೇ ಹೆಚ್ಚು.

ಈಗ ಹೊರ ಅಂಚಿಗೆ ಗೋಂದು. ಫೋಮನ್ನು ಎಳೆಯಬೇಡಿ, ಅದು ಬಿದ್ದ ಕಡೆ ಬೀಳಲಿ, ಅಲ್ಲೇ ಒತ್ತಿ. ಬಟ್ಟೆ ಒಣಹಾಕುವ ಕ್ಲಿಪ್‌ಗಳನ್ನು ಎದುರುಬದುರಾಗಿ ಹಾಕುತ್ತಾ ಹೋಗಿ. ಇಪ್ಪತ್ತನಾಲ್ಕು ಗಂಟೆ ಮುಟ್ಟಬೇಡಿ. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಿದರೆ ಮೇಲ್ಪದರ ಒಣಗುತ್ತದೆ, ಒಳಗೆ ಹಸಿಯೇ ಇರುತ್ತದೆ.

ಪಟ್ಟಿಗಳನ್ನು ತೆಗೆದು ಎರಡೂ ಕೈಗಳ ಬೆರಳುಗಳಿಂದ ಕೋನನ್ನು ಸಮವಾಗಿ ಒತ್ತಿ ಬಿಡಿ. ಕಿವಿ ಹತ್ತಿರ ಇರಲಿ. ಸದ್ದಿಲ್ಲವೇ? ಆಮೇಲೆ 20ರಿಂದ 30 ಹರ್ಟ್ಸ್ ಟೋನ್ ಕೊಟ್ಟು ಇನ್ನೊಮ್ಮೆ ಕೇಳಿ. ಕರಕರ ಬಂದರೆ "ಹಾಡಿದ ಹಾಗೆ ಸರಿಹೋಗುತ್ತೆ" ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಸರಿಹೋಗುವುದಿಲ್ಲ, ಕಾಯಿಲ್‌ನ ಮೇಲ್ಪದರ ಸವೆದು ಶಾರ್ಟ್ ಆಗುತ್ತದೆ. ಹೊರ ಅಂಚಿನ ಗೋಂದನ್ನು ಆಲ್ಕೋಹಾಲ್‌ನಿಂದ ಮೆತ್ತಗೆ ಮಾಡಿ ಬಿಚ್ಚಿ, ಮತ್ತೆ ಮಾಡಿ. ಎಲ್ಲ ಸರಿ ಎನಿಸಿದ ಮೇಲೆಯೇ ಡಸ್ಟ್ ಕ್ಯಾಪ್ ಅಂಟಿಸುವುದು.

4. ಕ್ರಾಸ್‌ಓವರ್

ದಪ್ಪ ಸದ್ದನ್ನು ವೂಫರ್‌ಗೆ, ತೆಳು ಸದ್ದನ್ನು ಟ್ವೀಟರ್‌ಗೆ ಹಂಚುವ ಸರ್ಕ್ಯೂಟ್ ಇದು. ಇದಕ್ಕೆ ಇಷ್ಟೊಂದು ಸದ್ದು ಯಾಕೋ ನನಗೆ ಗೊತ್ತಿಲ್ಲ, ಕೆಲಸ ಸಣ್ಣದು. ಕ್ರಾಸ್‌ಓವರ್‌ನಲ್ಲಿರುವ ಬೈಪೋಲಾರ್ (ಪ್ಲಸ್ ಮೈನಸ್ ಭೇದವಿಲ್ಲದ) ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳು ಮೂವತ್ತು ನಲವತ್ತು ವರ್ಷಗಳಲ್ಲಿ ಒಣಗುತ್ತವೆ. ಒಂದು ಕಾಲಿನ ಬೆಸುಗೆ ಬಿಡಿಸಿ ಅಳೆಯಿರಿ. ಅದರ ಮೇಲೆ ಬರೆದ ಮೈಕ್ರೋಫ್ಯಾರಡ್ ಅಂಕಿಗಿಂತ ಶೇಕಡ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಬದಲಿಸಿ. ಬದಲಿಸುವುದಾದರೆ ಎರಡೂ ಸ್ಪೀಕರ್‌ಗಳಲ್ಲಿ ಬದಲಿಸಿ. ಅದೇ ಮೈಕ್ರೋಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟೇಜ್. ಪ್ಲಸ್ ಮೈನಸ್ ಗುರುತಿರುವ ಮಾಮೂಲಿ ಎಲೆಕ್ಟ್ರೋಲೈಟಿಕ್ ಇಲ್ಲಿ ಹಾಕಲೇಬಾರದು.

ಫಿಲ್ಮ್ ಕೆಪಾಸಿಟರ್ ಹಾಕಿದರೆ ಬಾಳಿಕೆ ಹೆಚ್ಚು. ಆದರೆ ಅದರ ಒಳ ನಿರೋಧ ಕಡಿಮೆ. ಹಾಗಾಗಿ ಟ್ವೀಟರ್ ಸ್ವಲ್ಪ ಚುರುಕಾಗಿ ಕೇಳಬಹುದು. ಕಿವಿಗೆ ಚುಚ್ಚಿದರೆ ಆ ಕೆಪಾಸಿಟರ್‌ನ ಜೊತೆ ಸರಣಿಯಲ್ಲಿ (ಒಂದರ ಹಿಂದೆ ಒಂದು) ಅರ್ಧ ಓಮ್‌ನ ರೆಸಿಸ್ಟರ್ ಸೇರಿಸಿ ನೋಡಿ. ಗಾತ್ರ ದೊಡ್ಡದು, ಹಲಗೆಗೆ ಬಿಗಿಯಾಗಿ ಕಟ್ಟಿ. ಬೆಳ್ಳಿ, ಎಣ್ಣೆ ಎಂದೆಲ್ಲ ಹೇಳಿ ಮಾರುವ ಕೆಪಾಸಿಟರ್ ಮೂಗಿಗಿಂತ ಮೂಗುತಿ ಭಾರ. ಇಂಡಕ್ಟರ್ (ತಾಮ್ರದ ತಂತಿಯ ಸುರುಳಿ) ಮುಟ್ಟಬೇಡಿ. ಟ್ವೀಟರ್ ಸದ್ದು ಏರಿಳಿಸುವ ಹಿಂದಿನ ಬಿರಡೆ ತಿರುಗಿಸಿದಾಗ ಗರಗರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಮೂವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಎಷ್ಟೋ "ಸತ್ತ" ಟ್ವೀಟರ್‌ಗಳು ಇಷ್ಟಕ್ಕೇ ಎದ್ದು ಕೂತಿವೆ.

5. ಮತ್ತೆ ಜೋಡಿಸುವಾಗ

ವೂಫರನ್ನು ಮೊದಲಿದ್ದದ್ದಕ್ಕಿಂತ ಅರ್ಧ ಸುತ್ತು ತಿರುಗಿಸಿ ಕೂರಿಸಿ. ದಶಕಗಳ ಕಾಲ ಒಂದೇ ಕಡೆ ಜೋತ ಸ್ಪೈಡರ್‌ಗೆ ಇನ್ನೊಂದು ಕಡೆ ಭಾರ ಬೀಳಲಿ. 1.5 ವೋಲ್ಟ್ ಬ್ಯಾಟರಿಯನ್ನು ವೂಫರ್‌ಗೆ ತಾಗಿಸಿದಾಗ, ಪ್ಲಸ್‌ಗೆ ಪ್ಲಸ್ ಸೇರಿದ್ದರೆ ಕೋನ್ ಮುಂದೆ ಬರಬೇಕು. ಹಳೇ ಜೆಬಿಎಲ್‌ಗಳಲ್ಲಿ ಇದು ಉಲ್ಟಾ, ಅದನ್ನು "ಸರಿ" ಮಾಡಲು ಹೋಗಬೇಡಿ.

ಮುಚ್ಚಿದ ಪೆಟ್ಟಿಗೆಯಾದರೆ ಗಾಳಿ ಸೋರಬಾರದು. 1954ರಲ್ಲಿ ಎಡ್ಗರ್ ವಿಲ್ಚರ್ ಅವರ ಎಆರ್-1 ಸ್ಪೀಕರ್ ಬಂದಾಗಿನಿಂದ ಈ ಬಗೆಯ ಸ್ಪೀಕರ್‌ಗಳಲ್ಲಿ ಒಳಗಿನ ಗಾಳಿಯೇ ಸ್ಪ್ರಿಂಗ್. ಕೋನನ್ನು ನಿಧಾನಕ್ಕೆ ಒತ್ತಿ ಬಿಡಿ. ತೆವಳಿಕೊಂಡು ವಾಪಸ್ ಬಂದರೆ ಸರಿ, ಟಪ್ಪನೆ ಬಂದರೆ ಎಲ್ಲೋ ಸೋರುತ್ತಿದೆ. ವೂಫರ್ ಅಂಚಿಗೆ ಹೊಸ ಫೋಮ್ ಟೇಪ್ ಹಾಕಿ.

ಪೆಟ್ಟಿಗೆಯ ಮರ ಒರೆಸಿ ಎಣ್ಣೆ ಹಚ್ಚಿ, ಅಷ್ಟೇ. ಮೇಲಿನ ವೆನಿಯರ್ ಕಾಗದದಷ್ಟು ತೆಳು, ಸ್ಯಾಂಡರ್ ಯಂತ್ರ ಹಿಡಿಯಬೇಡಿ. ಟ್ವೀಟರ್‌ನ ಡೋಮ್ ಒಳಕ್ಕೆ ತಗ್ಗಿದ್ದರೆ ಸುಮ್ನೆ ಬಿಟ್ಟುಬಿಡಿ. ಟೇಪ್ ಅಂಟಿಸಿ ಎಳೆದರೆ ಹಳೇ ಬಟ್ಟೆ ಹರಿದು ಕೈಗೆ ಬರುತ್ತದೆ.

6. ಈಗ ಮಾರ್ಪಾಡು, ಬೇಕೇ ಬೇಕಿದ್ದರೆ

ಎರಡು ವಾರ ಕೇಳಿದ್ದೀರಲ್ವಾ? ಇನ್ನೂ ಏನೋ ಕೊರತೆ ಇದೆ ಅನಿಸಿದರೆ ಮೊದಲು ಸ್ಟ್ಯಾಂಡ್ ಬದಲಿಸಿ. ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ, ಹಿಂದಿನ ಗೋಡೆಯಿಂದ ಸ್ವಲ್ಪ ದೂರ ಇರಲಿ. ಹಿಂದಿನ ಸ್ಪ್ರಿಂಗ್ ಕ್ಲಿಪ್‌ಗಳ ಬದಲು ಸ್ಕ್ರೂ ಟರ್ಮಿನಲ್ ಹಾಕುವುದು ಒಳ್ಳೆಯದೇ. ದೊಡ್ಡ ಪೆಟ್ಟಿಗೆಯ ಪಕ್ಕದ ಹಲಗೆ ಬೆರಳಲ್ಲಿ ತಟ್ಟಿದರೆ ಡಬ್ ಅಂದರೆ, ಎರಡು ಪಕ್ಕಗಳ ನಡುವೆ ಒಂದು ಮರದ ಆಸರೆ ಕೊಡಬಹುದು. ಆದರೆ ಬಿಬಿಸಿಯ ಎಲ್‌ಎಸ್3/5ಎ ಬಗೆಯ ಪೆಟ್ಟಿಗೆಗಳಿಗೆ ಬೇಡ. ಅವುಗಳ ಗೋಡೆ ಬೇಕೆಂದೇ ತೆಳು, ಒಳಗೆ ಡಾಂಬರಿನ ಹಾಳೆ ಅಂಟಿಸಿ ಕಂಪನ ತಗ್ಗಿಸಿದ್ದಾರೆ.

ಬೇರೆ ವೂಫರ್ ಹಾಕುವ ಯೋಚನೆ ಬಂದರೆ ತೂತಿನ ಅಳತೆ ನೋಡಿ ತರಬೇಡಿ. ಯಾವ ವೂಫರ್‌ಗೆ ಎಷ್ಟು ದೊಡ್ಡ ಪೆಟ್ಟಿಗೆ ಬೇಕು ಎಂದು ಲೆಕ್ಕ ಹಾಕುವ ದಾರಿಯನ್ನು ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲೂ, ರಿಚರ್ಡ್ ಸ್ಮಾಲ್ 1970ರ ದಶಕದಲ್ಲೂ ಕೊಟ್ಟಿದ್ದಾರೆ. ಹೊಸ ವೂಫರ್‌ನ ಥೀಲ್-ಸ್ಮಾಲ್ ಅಂಕಿಗಳು ನಿಮ್ಮ ಪೆಟ್ಟಿಗೆಗೆ ಹೊಂದದಿದ್ದರೆ ಬೇಸ್ ಗುಮ್ಮೆನ್ನುತ್ತದೆ ಅಥವಾ ಬರುವುದೇ ಇಲ್ಲ. ಕ್ರಾಸ್‌ಓವರ್ ಕೂಡ ಹಳೇ ವೂಫರ್‌ಗೆ ಹೊಂದಿಸಿ ಮಾಡಿದ್ದು.

ಒಳಗಿನ ಉಣ್ಣೆಯನ್ನು ಜಾಸ್ತಿ ತುರುಕುವುದು, ಇದ್ದದ್ದನ್ನು ತೆಗೆದು ಬಿಸಾಡುವುದು ಎರಡೂ ಬೇಡ. ಬಿಚ್ಚಿದ ಕೆಪಾಸಿಟರ್, ಟರ್ಮಿನಲ್, ಸ್ಕ್ರೂಗಳನ್ನು ಒಂದು ಕವರಿಗೆ ಹಾಕಿ, ದಿನಾಂಕ ಬರೆದು, ಎಡದ್ದೋ ಬಲದ್ದೋ ಗುರುತು ಮಾಡಿ, ಪೆಟ್ಟಿಗೆಯ ಹಿಂಬದಿಗೆ ಟೇಪ್ ಹಚ್ಚಿ ಇಡಿ.