ಬರ್ಫಿನ ಟ್ರೆಕ್ಕಿಗೆ ಹೊಂಟೀರಾ? ಇಳಿಜಾರು ನೋಡೋದು ಹೆಂಗ, ತಿಳ್ಕೊಂಡು ಹೋಗ್ರಿ

ನಮ್ ಕಲಬುರಗಿ ಹುಡುಗ್ರು ಈಗೀಗ ಚಳಿಗಾಲದಾಗ ಉತ್ತರಾಖಂಡದ ಕೇದಾರಕಂಠ, ಬ್ರಹ್ಮತಾಲ್ ಅಂತ ಹೊಂಟಾರ, ಹೋಗ್ಲಿ, ಛಲೋನೇ, ಆದ್ರ ಬೂಟು ಜಾಕೆಟ್ಟಿಗೆ ನಾಕು ಅಂಗಡಿ ತಿರುಗೋರು ಬರ್ಫ್ ಯಾಕ ಜಾರತದ, ಹಿಮಕುಸಿತ ಯಾಕ ಆಗತದ ಅಂತ ಕೇಳಂಗಿಲ್ಲ.

ಮೊದ್ಲು ಅದನ್ನೇ ತಿಳ್ಕೋರಿ. ಒಂದು ಶಹಾಬಾದ್ ಪರ್ಸಿ ಮ್ಯಾಲ ಒಂದು ಹಿಡಿ ತೊಗರಿಕಾಳು ಹರವಿ, ಅದರ ಮ್ಯಾಲ ಇನ್ನೊಂದು ಪರ್ಸಿ ಇಟ್ಟು ಒಂದು ಕಡಿಯಿಂದ ಎತ್ತಿದ್ರ ಮ್ಯಾಲಿಂದು ಸರ್ ಅಂತ ಜಾರತದ ಹೌದಿಲ್ಲ, ಗುಡ್ಡದಾಗೂ ಹಂಗೇ. ಸಕ್ರಿ ಹರಳಿನಂಗ ಒಂದಕ್ಕೊಂದು ಅಂಟದ ಬರ್ಫಿನ ಪದರ ಕೆಳಗ, ಗಾಳಿ ತಂದು ಒತ್ತಿದ ಗಟ್ಟಿ ಪದರ ಮ್ಯಾಲ, ನೀವು ಕಾಲಿಟ್ಟ ಭಾರಕ್ಕ ಕೆಳಗಿಂದು ಕುಸಿದು ಮ್ಯಾಲಿಂದು ಹಲಗಿನಂಗ ಸೀಳಿ ಹೊಂಟುಬಿಡ್ತದ. ಹಿಂಗ ಸಿಕ್ಕಿಬಿದ್ದ ಟ್ರೆಕ್ಕಿನವ್ರು, ಸ್ಕೀಯಿಂಗ್‌ನವ್ರ ಪೈಕಿ ಹತ್ತರಾಗ ಒಂಬತ್ತು ಸಲ ಕುಸಿತ ಎಬ್ಬಿಸಿದ್ದು ಅವರೇ, ಇಲ್ಲಾ ಅವರ ಜೋಡಿದೋರು. ಅದಕ್ಕೇ ತಪ್ಪಿಸೋದೂ ನಮ್ ಕೈಯಾಗೇ ಅದ.

ಚಂಡೀಗಢದಾಗ ಡಿಆರ್‌ಡಿಓದ (ರಕ್ಷಣಾ ಸಂಶೋಧನಾ ಸಂಸ್ಥೆಯ) ಕೆಳಗ ಹಿಮಕುಸಿತದ ಅಭ್ಯಾಸ ಮಾಡೋ ಡಿಜಿಆರ್‌ಇ ಸಂಸ್ಥೆ ಅದ, ಅವರ ಹಿಮಕುಸಿತ ಬುಲೆಟಿನ್ ನೋಡ್ರಿ. ಅಪಾಯದ ಲೆವೆಲ್ 1ರಿಂದ 5, ಮತ್ತ 3 ಅಂದ್ರ ನಡುವಿಂದು, ನಡೀತದ ಅನಬ್ಯಾಡ್ರಿ, 3ರಾಗ ಮನುಷ್ಯಾ ಕಾಲಿಟ್ರೇ ಕುಸಿಯೋ ಜಾಗ ಭಾಳ ಇರ್ತಾವ.

ಇನ್ನ ಇಳಿಜಾರು. 30ರಿಂದ 45 ಡಿಗ್ರಿ ಒಳಗೇ ಹೆಚ್ಚು ಕುಸಿತ ಆಗೋದು. ವಾಕಿಂಗ್ ಸ್ಟಿಕ್ ಬರ್ಫಿನ ಮ್ಯಾಲ ಮಲಗಿಸಿ ಅದರ ಮ್ಯಾಲ ಮೊಬೈಲ್ ಇಟ್ರ ಡಿಗ್ರಿ ತೋರ್ಸೋ ಆ್ಯಪ್ ಬಂದಾವ. ನೀವು ಸಪಾಟ್ ಜಾಗದಾಗ ಇದ್ರೂ ತಲಿ ಮ್ಯಾಲ ಅಂಥಾ ಇಳಿಜಾರು ಇದ್ರ ಅದು ನಿಮ್ಮ ಮ್ಯಾಲೇ ಬರ್ತದ, ಇದು ಭಾಳ ಮಂದಿಗೆ ಹೊಳಿಯಂಗಿಲ್ಲ. ಒಂದು ದಿನದಾಗ 30 ಸೆಂಟಿಮೀಟರ್ ಹೊಸ ಬರ್ಫ್ ಬಿದ್ದಿರೋದು, ಜೋರು ಗಾಳಿ, ಮಳಿ, ಒಮ್ಮಿಂದೊಮ್ಮೆಲೆ ಏರಿದ ಬಿಸಲು, ಬಾಜೂಕ ಆಗ್ಲೇ ಕುಸಿದ ಗುರ್ತು ಇವೆಲ್ಲಾ ಅಪಾಯದ ಸೂಚನೆ, ಆದ್ರ ಕಾಲ ಕೆಳಗ ಧುಮ್ ಅಂತ ಸಪ್ಪಳಾತು, ಬಿರುಕು ಓಡಿತು ಅಂದ್ರ ಲೀಡರ್ ಏನೇ ಹೇಳ್ಲಿ, ಬಂದ ದಾರಿಗೆ ತಿರುಗ್ರಿ.

ಅಂಥಾ ಇಳಿಜಾರು ದಾಟ್ಲೇಬೇಕು ಅಂದ್ರ ಒಬ್ಬೊಬ್ರೇ ದಾಟ್ರಿ, ಉಳದೋರು ಸೇಫ್ ಜಾಗದಾಗ ನಿಂತು ಅವರ ಮ್ಯಾಲೇ ಕಣ್ಣಿಡ್ರಿ.

2016ರ ಫೆಬ್ರವರಿದಾಗ ಸಿಯಾಚಿನ್‌ನಾಗ ಹಿಮಕುಸಿತಕ್ಕ ಸಿಕ್ಕು ಹುಗದಿದ್ದ ನಮ್ ಧಾರವಾಡ ಜಿಲ್ಲಾದ ಸೈನಿಕ ಹನುಮಂತಪ್ಪ ಕೊಪ್ಪದ ಆರನೇ ದಿನ ಜೀವಂತ ಸಿಕ್ಕಿದ್ರು, ಇಡೀ ರಾಜ್ಯ ಅವರ ಸಲವಾಗಿ ಪ್ರಾರ್ಥನಾ ಮಾಡಿತ್ತು, ಉಳೀಲಿಲ್ಲ. ಅಂಥಾದ್ದು ಭಾಳ ಅಪರೂಪ್ರಿ. ಬರ್ಫಿನಾಗ ಹುಗದೋರನ್ನ 10–15 ನಿಮಿಷದಾಗ ತಗದ್ರ ಬದುಕೋ ಆಸೆ ಛಲೋ ಇರ್ತದ, ಅರ್ಧ ತಾಸು ದಾಟಿದ್ರ ಮೂವರಾಗ ಒಬ್ರು ಉಳಿಯೋದೂ ಕಷ್ಟ. ಹೊರಗಿಂದ ರೆಸ್ಕ್ಯೂ ಬರೋತನಕ ಅಷ್ಟು ಟೈಮ್ ಇರಂಗಿಲ್ಲ, ಜೋಡಿ ಇದ್ದೋರೇ ತಗೀಬೇಕು. ಅದಕ್ಕ ಒಬ್ಬೊಬ್ರ ಕಡಿನೂ ಟ್ರಾನ್ಸೀವರ್ (ಹುಗದೋರು ಎಲ್ಲಿದಾರ ಅಂತ ಸಿಗ್ನಲ್ಲಿಂದ ತೋರ್ಸೋ ಯಂತ್ರ), ಬರ್ಫಿನಾಗ ಚುಚ್ಚಿ ಹುಡುಕೋ ಪ್ರೋಬ್ ಕಡ್ಡಿ, ಸಲಿಕಿ ಮೂರೂ ಬೇಕು, ರೊಕ್ಕ ಕಟ್ಟೋ ಮುಂಚೇನೇ ಟ್ರೆಕ್ ಕಂಪನಿಗೆ ಕೇಳ್ರಿ. ಕಡ್ಡಿಗೆ ಮನುಷ್ಯಾ ತಾಗಿದ್ರ ಅದನ್ನ ಕೀಳಬ್ಯಾಡ್ರಿ, ಮ್ಯಾಲೆ ನಿಂತು ಅಗೀಬ್ಯಾಡ್ರಿ, ಇಳಿಜಾರಿನ ಕೆಳಗಿನ ಕಡಿಯಿಂದ ಒಳಗ ಕೊರೀರಿ, ಮೊದ್ಲು ಮಾರಿ ಬಿಡಸ್ರಿ.