ನೆಲ ಬಿಸಿ ಮಾಡುವ ಮುನ್ನ ಗೋಡೆ ನೋಡಿ

ನೆಲದಡಿಯ ಹೀಟಿಂಗ್ ಹಾಕಿಸಲು ಹೊರಟವರು ಮೊದಲು ವಿಚಾರಿಸುವುದು ಯಾವ ಕಂಪನಿಯದು ಚೆನ್ನಾಗಿದೆ ಎಂದು. ಆಮೇಲೆ ಟೈಲ್ಸ್ ಬಣ್ಣದ ಚರ್ಚೆ. ಕೋಣೆಯಿಂದ ಎಷ್ಟು ಶಾಖ ಸೋರಿ ಹೋಗುತ್ತಿದೆ ಎಂಬ ಲೆಕ್ಕ ಮಾತ್ರ ಯಾರಿಗೂ ಬೇಡ. ಚಳಿಗಾಲ ಬಂದಾಗ ಪಾದ ಬೆಚ್ಚಗೆ, ಮೂಗು ತಣ್ಣಗೆ; ಮೂಲೆಯಲ್ಲೊಂದು ಫ್ಯಾನ್ ಹೀಟರ್ ಬೇರೆ ಉರಿಯುತ್ತಿರುತ್ತದೆ. ಇಂಥ ಮನೆಗಳನ್ನು ಸಾಕಷ್ಟು ನೋಡಿ ಬೇಸತ್ತು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ನೀರೋ, ವಿದ್ಯುತ್ತೋ?

ಒಂದು ವಿಧದಲ್ಲಿ ನೆಲದೊಳಗಿನ ಪ್ಲಾಸ್ಟಿಕ್ ಪೈಪುಗಳಲ್ಲಿ ಬಿಸಿನೀರು ಹರಿಯುತ್ತದೆ. ಇನ್ನೊಂದರಲ್ಲಿ ಟೈಲ್ಸ್ ಕೆಳಗೆ ವಿದ್ಯುತ್ ತಂತಿಯ ಮ್ಯಾಟ್ ಇರುತ್ತದೆ. ಇಡೀ ಮನೆಗಾದರೆ ನೀರಿನದು, ಒಂದು ಬಚ್ಚಲುಮನೆಗಾದರೆ ವಿದ್ಯುತ್ತಿನದು. ಇಡೀ ಮನೆಗೆ ವಿದ್ಯುತ್ ಮ್ಯಾಟ್ ಹಾಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ‘ಕಡಿಮೆ ಕರೆಂಟಿಗೆ ಹೆಚ್ಚು ಶಾಖ’ ಎಂದು ಮಾರುವ ತೆಳು ಹೀಟಿಂಗ್ ಹಾಳೆಗಳನ್ನು (ಫಿಲ್ಮ್) ನಂಬಬೇಡಿ. ತಂತಿಯಾಗಲಿ, ಕಾರ್ಬನ್ ಫಿಲ್ಮ್ ಆಗಲಿ, ಒಂದು ಯೂನಿಟ್ ವಿದ್ಯುತ್ತು ಕೊಟ್ಟರೆ ಸಿಗುವುದು ಒಂದೇ ಯೂನಿಟ್ ಶಾಖ. ಹೀಟ್ ಪಂಪ್ ಮಾತ್ರ ಹೊರಗಿನ ಗಾಳಿ ಅಥವಾ ಮಣ್ಣಿನಿಂದ ಶಾಖ ಎಳೆದುಕೊಂಡು ಒಂದಕ್ಕೆ ಮೂರು ನಾಲ್ಕು ಕೊಡಬಲ್ಲದು. ನೆಲದ ಪೈಪಿಗೆ 35ರಿಂದ 45 ಡಿಗ್ರಿ ನೀರು ಸಾಕಾಗುವುದರಿಂದ ಹೀಟ್ ಪಂಪಿಗೂ ಅದಕ್ಕೂ ಚೆನ್ನಾಗಿ ಹೊಂದುತ್ತದೆ.

ಹೆಜ್ಜೆ 2: ಶಾಖದ ಲೆಕ್ಕ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದೇ. ಒಂದು ಕಾಗದ, ಅಳತೆಯ ಟೇಪು ಹಿಡಿದು ಕುಳಿತರೆ ಸಂಜೆಯೊಳಗೆ ಮುಗಿಯುತ್ತದೆ.

ನೆಲವನ್ನು ಮನಬಂದಷ್ಟು ಬಿಸಿ ಮಾಡಲಾಗದು. ಜನ ಓಡಾಡುವ ಕೋಣೆಯಲ್ಲಿ ನೆಲದ ಮೇಲ್ಮೈ 29 ಡಿಗ್ರಿ ದಾಟಬಾರದು. ಬಚ್ಚಲುಮನೆಯಲ್ಲಿ 33ರವರೆಗೆ ಹೋಗಬಹುದು. ಮರದ ನೆಲಕ್ಕೆ ಸಾಮಾನ್ಯವಾಗಿ 27 ಮಿತಿ. ಕೋಣೆಯ ಗಾಳಿಗಿಂತ ನೆಲ ಎಷ್ಟು ಡಿಗ್ರಿ ಹೆಚ್ಚು ಬಿಸಿಯಿದೆಯೋ, ಪ್ರತಿ ಡಿಗ್ರಿಗೆ ಚದರ ಮೀಟರಿಗೆ ಸುಮಾರು 11 ವಾಟ್ ಶಾಖ ಮೇಲೆ ಬರುತ್ತದೆ. ಕೋಣೆ 20, ನೆಲ 26 ಎಂದುಕೊಳ್ಳಿ: ಚದರ ಮೀಟರಿಗೆ 65 ವಾಟ್ ಆಸುಪಾಸು. 20 ಚದರ ಮೀಟರಿನ ಕೋಣೆಯಲ್ಲಿ ಗೋಡೆಗೆ ಕೂರಿಸಿದ ಕಪಾಟು, ನೆಲಕ್ಕಂಟಿದ ಮಂಚ 4 ಚದರ ಮೀಟರ್ ನುಂಗಿದರೆ ಉಳಿಯುವುದು 16. ಅಂದರೆ ನೆಲ ಕೊಡುವುದು ಸುಮಾರು 1,000 ವಾಟ್. ಇದು ನಿಮ್ಮ ಆದಾಯ.

ಇನ್ನು ಖರ್ಚು. ಗೋಡೆ, ಕಿಟಕಿ, ಛಾವಣಿ ಒಂದೊಂದಕ್ಕೂ ಯು-ವ್ಯಾಲ್ಯೂ ಎಂಬ ಸಂಖ್ಯೆಯಿದೆ. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಒಂದು ಚದರ ಮೀಟರಿನಿಂದ ಎಷ್ಟು ವಾಟ್ ಸೋರುತ್ತದೆ ಎಂಬುದನ್ನು ಅದು ಹೇಳುತ್ತದೆ. ಅದನ್ನು ವಿಸ್ತೀರ್ಣದಿಂದ ಗುಣಿಸಿ, ಬಂದದ್ದನ್ನು ಒಳಹೊರಗಿನ ಉಷ್ಣತೆಯ ವ್ಯತ್ಯಾಸದಿಂದ ಗುಣಿಸಿ. ಹೊರಗೆ ಸೊನ್ನೆ, ಒಳಗೆ 20 ಎಂದು ಹಿಡಿಯೋಣ. ಒಂಟಿ ಗಾಜಿನ ಕಿಟಕಿಯ ಯು-ವ್ಯಾಲ್ಯೂ ಸುಮಾರು 5. 4 ಚದರ ಮೀಟರಿಗೆ 400 ವಾಟ್ ಹೋಯಿತು. ಬರಿಯ ಇಟ್ಟಿಗೆಯ ಗೋಡೆಗೆ ಸುಮಾರು 2. 15 ಚದರ ಮೀಟರಿಗೆ 600. ಇನ್ಸುಲೇಷನ್ (ಶಾಖ ಸೋರದಂತೆ ತಡೆಯುವ ಪದರ) ಇರುವ ಛಾವಣಿಗೆ 0.2, 20 ಚದರ ಮೀಟರಿಗೆ 80. ಸಂದುಗಳಿಂದ ನುಗ್ಗುವ ಗಾಳಿಯನ್ನು ಮರೆಯಬೇಡಿ: ಕೋಣೆಯ ಘನ ಅಳತೆ 54 ಘನ ಮೀಟರಾಗಿದ್ದು, ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾಗುತ್ತಿದ್ದರೆ ಇನ್ನೂ 350 ವಾಟ್. ಒಟ್ಟು 1,400 ದಾಟಿತು. ಆದಾಯಕ್ಕಿಂತ ಖರ್ಚು ಹೆಚ್ಚು.

ಇಲ್ಲಿ ಅನೇಕರು ಮಾಡುವ ಉಪಾಯವೆಂದರೆ ನೀರಿನ ಬಿಸಿ ಏರಿಸುವುದು. ಬೇಡ. ನೆಲ ಕಾಲಿಗೆ ಹಿತವಾಗಿರುವುದಿಲ್ಲ, ಮರದ ಹಲಗೆ ಬಿರಿಯುತ್ತದೆ, ಹೀಟ್ ಪಂಪಿನ ಲಾಭವೂ ಕರಗುತ್ತದೆ. ಅದೇ ಕೋಣೆಗೆ 1.4ರ ಜೋಡಿ ಗಾಜು ಹಾಕಿಸಿ, ಗೋಡೆಗೆ ಇನ್ಸುಲೇಷನ್ ಕೂರಿಸಿ 0.3ಕ್ಕೆ ಇಳಿಸಿ. ಕಿಟಕಿಯದು 112, ಗೋಡೆಯದು 90ಕ್ಕೆ ಇಳಿಯುತ್ತದೆ. ಸಂದುಗಳನ್ನು ಮುಚ್ಚಿ ಗಾಳಿಯ ಸೋರಿಕೆಯನ್ನು ಅರ್ಧ ಮಾಡಿದರೆ ಒಟ್ಟು 460 ವಾಟ್ ಆಸುಪಾಸು. ಈಗ ನೆಲ ಹೂವೆತ್ತಿದಷ್ಟು ಸುಲಭವಾಗಿ ಕೋಣೆಯನ್ನು ನಿಭಾಯಿಸುತ್ತದೆ. ಕೈಯಲ್ಲಿರುವ ಹಣ ಒಂದಕ್ಕೇ ಸಾಲುವುದಾದರೆ ಗೋಡೆಗೆ ಹಾಕಿ, ನೆಲಕ್ಕಲ್ಲ.

ಕೆಳಗಿನ ಸೋರಿಕೆಯೂ ಇದೆ. ಪೈಪು ಅಥವಾ ತಂತಿಯ ಅಡಿಯಲ್ಲಿ ಇನ್ಸುಲೇಷನ್ ಹಲಗೆ ಇಲ್ಲದಿದ್ದರೆ ನೀವು ಮಣ್ಣನ್ನು ಕಾಯಿಸುತ್ತಿರುತ್ತೀರಿ. ‘ತೆಳುವಾದ ಫಾಯಿಲ್ ಸಾಕು’ ಎನ್ನುವ ಗುತ್ತಿಗೆದಾರನಿಗೆ ಕೈ ಮುಗಿದು ಕಳುಹಿಸಿ. ಕಾಂಕ್ರೀಟಿನೊಳಗೆ ಹೂತ ಫಾಯಿಲ್ ಶಾಖವನ್ನು ಪ್ರತಿಫಲಿಸುವುದಿಲ್ಲ. ಅದಕ್ಕೆ ಎದುರಿಗೆ ಗಾಳಿಯ ಪದರ ಬೇಕು.

ಹೆಜ್ಜೆ 3: ನೆಲ ಎಷ್ಟು ಏರುತ್ತದೆ?

ವಿದ್ಯುತ್ ಮ್ಯಾಟ್ ಕೆಲವೇ ಮಿಲಿಮೀಟರ್. ನೀರಿನ ಪೈಪಿಗೆ 65ರಿಂದ 75 ಮಿಲಿಮೀಟರ್ ಸಿಮೆಂಟ್ ಪದರ, ಅದರಡಿಗೆ ಇನ್ಸುಲೇಷನ್. ಬಾಗಿಲುಗಳ ಅಡಿ ಕೊಯ್ಯಬೇಕಾಗುತ್ತದೆ, ಮೆಟ್ಟಿಲ ಕೊನೆಯ ಹಂತ ಗಿಡ್ಡವಾಗುತ್ತದೆ. ನೆಲ ಅಗೆಯುವ ಕೆಲಸ ಹೇಗೂ ಇದ್ದರೆ ಸರಿ. ಚೆನ್ನಾಗಿರುವ ನೆಲವನ್ನು ಇದಕ್ಕಾಗಿಯೇ ಒಡೆಯುವುದು ಬೇಡ.

ಹೆಜ್ಜೆ 4: ಮೇಲ್ಹಾಸು

ಟೈಲ್ಸ್, ಕಲ್ಲು ಉತ್ತಮ. ಶಾಖ ತಡೆಯುವ ದಪ್ಪ ಕಾರ್ಪೆಟ್ ಬೇಕೇಬೇಕೆನ್ನುವವರು ಇಲ್ಲಿಗೇ ನಿಲ್ಲಿಸಬಹುದು.

ಹೆಜ್ಜೆ 5: ನಿಮ್ಮ ದಿನಚರಿ

ಸಿಮೆಂಟ್ ಪದರ ಕಾಯಲು ಗಂಟೆಗಳೇ ಬೇಕು, ಆರಲೂ ಅಷ್ಟೇ. ದಿನವಿಡೀ ಮನೆಯಲ್ಲಿರುವವರಿಗೆ, ಪುಟ್ಟ ಮಕ್ಕಳಿರುವ ಮನೆಗೆ ಇದು ಹೇಳಿ ಮಾಡಿಸಿದ್ದು. ಬೆಳಿಗ್ಗೆ ಹೊರಟು ರಾತ್ರಿ ಬರುವವರು ಸ್ವಿಚ್ ಒತ್ತಿದೊಡನೆ ಬಿಸಿಯಾಗಲಿ ಎಂದರೆ ಆಗದು.

ಹೆಜ್ಜೆ 6: ಹಾಕಿಸುವುದೇ ಆದರೆ

ವಿದ್ಯುತ್ ಮ್ಯಾಟ್ ಕೆಡುವುದು ಹೆಚ್ಚಾಗಿ ಗಾರೆಯವರ ಕರಣೆಯಿಂದ. ಗಾರೆ ಹರಡುವಾಗ ಕರಣೆಯ ಅಂಚು ತಂತಿಗೆ ತಾಗುತ್ತದೆ. ಗೀರು ಕಣ್ಣಿಗೆ ಬೀಳುವುದಿಲ್ಲ, ಟೈಲ್ಸ್ ಕೂರುತ್ತದೆ, ಮೊದಲ ಬಾರಿ ಸ್ವಿಚ್ ಹಾಕಿದಾಗ ಟ್ರಿಪ್ ಆಗುತ್ತದೆ. ಆದ್ದರಿಂದ ಮ್ಯಾಟ್ ಬಿಚ್ಚಿದಾಗ, ಹಾಸಿದಾಗ, ಟೈಲ್ಸ್ ಕೂರಿಸಿದ ಮೇಲೆ, ಹೀಗೆ ಮೂರು ಬಾರಿ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು ತಂತಿಯ ವಿದ್ಯುತ್ ರೋಧವನ್ನು (ಓಮ್) ಅಳೆದು ಬರೆದಿಡಬೇಕು. ಮ್ಯಾಟನ್ನು ತಿರುಗಿಸಲು ತಂತಿ ಹಿಡಿದಿಟ್ಟಿರುವ ಬಲೆಯನ್ನು ಮಾತ್ರ ಕತ್ತರಿಸಬೇಕು, ತಂತಿಯನ್ನಲ್ಲ. ನೀರಿನ ಪೈಪಾದರೆ ಒತ್ತಡ ತುಂಬಿಸಿಟ್ಟುಕೊಂಡೇ ಸಿಮೆಂಟ್ ಹಾಕಿಸಿ. ತೂತಾದರೆ ಗೇಜಿನ ಮುಳ್ಳು ಅಲ್ಲೇ ಬೀಳುತ್ತದೆ. ಸಿಮೆಂಟ್ ಪದರವನ್ನು 21 ದಿನ ಬಿಸಿ ಮಾಡಬೇಡಿ. ಆತುರದಲ್ಲಿ ಬಿಸಿ ಮಾಡಿ ಒಣಗಿಸಲು ಹೋದವರ ನೆಲದಲ್ಲಿ ಬಿರುಕು ಖಚಿತ. ಮುಚ್ಚುವ ಮುಂಚೆ ಪೈಪುಗಳ ಪಕ್ಕದಲ್ಲಿ ಟೇಪು ಇಟ್ಟು ಪ್ರತಿ ಕೋಣೆಯ ಫೋಟೊ ತೆಗೆದಿಡಿ. ಮುಂದೆ ಬಾಗಿಲಿಗೆ ಸ್ಟಾಪರ್ ಕೂರಿಸಲು ಬರುವವನು ಡ್ರಿಲ್ ಹಿಡಿದು ನಿಂತಾಗ ಅದನ್ನು ಅವನಿಗೆ ತೋರಿಸಬೇಕಾಗುತ್ತದೆ.